ಮೆಟ್ಟಿಲಲ್ಲಿ ಒಂದೇ ಚಪ್ಪಲಿ

ಪಾಣೆಮಂಗಳೂರಿನಲ್ಲಿ ಅಕ್ಕಿ ಅಂಗಡಿಯ ಹಸೈನಾರ್ ಯಾರಿಗೆ ಗೊತ್ತಿಲ್ಲ? ಬೆನ್ನ ಮೇಲೆ ಗೋಣಿ ಇದ್ದರೂ ದಾರಿಯಲ್ಲಿ ಸಿಕ್ಕವರಿಗೆಲ್ಲ ಸಲಾಂ ಹೇಳಿಯೇ ಮುಂದೆ ಹೋಗುವ ಜನ. ಅಂಥವರು ಈಗ ನಮಾಜಿನಲ್ಲಿ ಹಣೆ ನೆಲಕ್ಕಿಟ್ಟರೆ ಗೋಡೆ ಹಿಡಿದೇ ಏಳಬೇಕು. ಸೊಂಟದಿಂದ ಎಡಗಾಲಿನ ತನಕ ಬೆಂಕಿ ಎಳೆದ ಹಾಗೆ ನೋವು.

ಮಂಗಳೂರಿನ ಡಾಕ್ಟರು ಎರಡು ದಾರಿ ಹೇಳಿದ್ದರು. ಸಣ್ಣ ಗಾಯ ಮಾಡಿ, ನರವನ್ನು ಒತ್ತುವ ಡಿಸ್ಕಿನ ತುಣುಕನ್ನಷ್ಟೇ ತೆಗೆಯುವುದು ಒಂದು. ಬೇಗ ಓಡಾಡಬಹುದು, ಆದರೆ ಉಳಿದದ್ದು ಮತ್ತೆ ಹೊರಬಂದರೂ ಬರಬಹುದು. ಇನ್ನೊಂದು, ಡಿಸ್ಕನ್ನೇ ತೆಗೆದು ಮೇಲಿನ ಕೆಳಗಿನ ಎಲುಬುಗಳನ್ನು ಸ್ಕ್ರೂ ಹಾಕಿ ಬೆಸೆಯುವುದು. ಅಲ್ಲಿ ಇನ್ನು ಜಾರುವುದಿಲ್ಲ, ಬಾಗುವುದೂ ಇಲ್ಲ. ಯೋಚಿಸಿ ಬನ್ನಿ, ಪಾದದ ಬಲ ಕಡಿಮೆಯಾದರೆ ಮಾತ್ರ ಆ ದಿನವೇ ಬರಬೇಕು ಎಂದಿದ್ದರು. ಆ ಕೊನೆಯ ಮಾತನ್ನು ಹಸೈನಾರ್ ಹೆಂಡತಿ ಬೀಯಮ್ಮನಿಗೆ ಹೇಳಲಿಲ್ಲ.

ನಮ್ಮಲ್ಲಿ ಆಪರೇಷನ್ ಎಂದರೆ, ಆದವರ ಮನೆಗೆ ಹೋಗಿ ಕಣ್ಣಾರೆ ನೋಡದೆ ಯಾರೂ ಒಪ್ಪುವುದಿಲ್ಲ. ಗಂಡ ಹೆಂಡತಿ ಮೊದಲು ಲಾಯಿಲಕ್ಕೆ ಹೋದರು. ಅಲ್ಲಿ ಒಬ್ಬರಿಗೆ ಸಣ್ಣ ಗಾಯದ ಆಪರೇಷನ್ನೇ ಆದದ್ದು. ವರ್ಷದೊಳಗೆ ಡಿಸ್ಕ್ ಮತ್ತೆ ಹೊರಬಂದು ಎರಡನೇ ಸಲ ಕೊಯ್ಯಬೇಕಾಯಿತಂತೆ. ಹಸೈನಾರಿಗೆ ಊಟ ಸೇರಲಿಲ್ಲ. ಆಮೇಲೆ ಕೊಕ್ಕಡದ ಅಬೂಬಕ್ಕರ್ ಮನೆ. ಸ್ಕ್ರೂ ಹಾಕಿಸಿಕೊಂಡವರು ಗಟ್ಟಿಯಾಗಿದ್ದರು, ನೋವಿರಲಿಲ್ಲ. ಆದರೆ ಮೂಲೆಯಲ್ಲಿ ನಮಾಜಿನ ಚಾಪೆ ಮುಸಲ್ಲಾದ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನಮಾಜು ಈಗ ಅದರಲ್ಲಿ ಕೂತೇ. ಹಸೈನಾರ್ ಆ ಕುರ್ಚಿಯನ್ನೇ ನೋಡುತ್ತ ಚಹಾ ತಣಿಸಿದರು.

ಹೊರಡುವಾಗ ಮೆಟ್ಟಿಲಲ್ಲಿ ಅವರ ಚಪ್ಪಲಿ ಒಂದೇ ಇತ್ತು.

"ಆಚೆಮನೆ ನಾಯಿಯದ್ದೇ ಕೆಲಸ," ಅಬೂಬಕ್ಕರ್ ನಕ್ಕರು. "ಬಲದ್ದು ಬಿಟ್ಟು ಎಡದ್ದೇ ಕೊಂಡೋಗಿದೆ ಮಾರಾಯ್ರೆ. ರುಚಿ ಗೊತ್ತುಂಟು ಅದಕ್ಕೆ."

ಬೀಯಮ್ಮ ಹುಡುಕುತ್ತ ಗೇಟಿನ ಹೊರಗೆ ಹೋದರು. ತಾವು ಬರುವಾಗ ರಿಕ್ಷಾ ಇಳಿದ ಜಾಗದಲ್ಲಿ, ಮಣ್ಣಿನಲ್ಲಿ ಚಪ್ಪಲಿ ಬಿದ್ದಿತ್ತು. ಅದನ್ನು ಹಿಡಿದು ಬಂದು ಗಂಡನ ಎಡ ಅಂಗಾಲು ನೋಡಿದರು. ಕೆಂಪು ಮಣ್ಣು, ಬೆರಳ ಸಂದಿಯಲ್ಲಿ ಒಂದು ಮುಳ್ಳು, ಸ್ವಲ್ಪ ರಕ್ತ.

"ಬರಿಗಾಲಲ್ಲಿ ಬಂದದ್ದಾ ನೀವು?"

"ಗೊತ್ತೇ ಆಗ್ಲಿಲ್ಲ."

ಅಬೂಬಕ್ಕರ್ ನಗು ನಿಲ್ಲಿಸಿದರು. "ಹಿಮ್ಮಡಿ ಊರಿ ಪಾದ ಮೇಲೆತ್ತಿ, ನೋಡುವ."

ಹಸೈನಾರ್ ಎತ್ತಲು ನೋಡಿದರು. ಬಲಗಾಲಿನ ಪಾದ ಎದ್ದಿತು. ಎಡದ್ದು ಬೇರೆ ಯಾರದ್ದೋ ಎಂಬಂತೆ ಸುಮ್ಮನೆ ಬಿದ್ದಿತ್ತು. ಆಗ ಡಾಕ್ಟರ ಕೊನೆಯ ಮಾತು ಅವರ ಬಾಯಿಂದ ಹೊರಬಂತು.

"ಇದನ್ನು ನನಗೆ ಯಾವಾಗ ಹೇಳುವ ಅಂತ ಇದ್ದದ್ದು?" ಬೀಯಮ್ಮ ಚಪ್ಪಲಿಯನ್ನು ಗಂಡನ ಮುಂದೆ ಹಾಕಿದರು.

ಮನೆಗೆ ಹೋಗಲಿಲ್ಲ, ಅಲ್ಲಿಂದ ನೇರ ಮಂಗಳೂರಿಗೆ. ಸ್ಕ್ಯಾನ್ ನೋಡಿದ ಡಾಕ್ಟರು, ಎಲುಬು ಜಾರಿಲ್ಲ, ಹಾಗಾಗಿ ಸ್ಕ್ರೂ ಬೇಡ, ತುಣುಕು ತೆಗೆದು ನರ ಬಿಡಿಸುವ ಎಂದರು. ಊರವರ ಬೆನ್ನೆಲ್ಲ ನೋಡಿ ಬಂದಿರಿ, ನಿಮ್ಮ ಕಾಲನ್ನೇ ನೋಡಲಿಲ್ಲ ಎಂದೂ ಬೈದರು. ಪಾದಕ್ಕೆ ಬಲ ತಿರುಗಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಈಗ ಹೇಳಲಿಕ್ಕಾಗದು ಎಂದರು.

ಸ್ಟ್ರೆಚರ್ ಆಪರೇಷನ್ ಕೋಣೆಯ ಬಾಗಿಲ ತನಕ ಬಂತು. ಹಸೈನಾರ್ ಕಣ್ಣು ಮುಚ್ಚಿ ದುವಾ ಹೇಳುತ್ತಿದ್ದರು. ಬೀಯಮ್ಮ ಕಾಲ ಬುಡಕ್ಕೆ ಬಂದು ಹೇಳಿದರು: "ಹೆಬ್ಬೆರಳು ಚಿವುಟ್ತೇನೆ. ಗೊತ್ತಾಗ್ತದಾ?"

"ಹೂಂ, ಗೊತ್ತಾಗ್ತದೆ."

ಬೀಯಮ್ಮ ಇನ್ನೂ ಮುಟ್ಟಿರಲಿಲ್ಲ. ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನರ್ಸ್ ಬಿಡಿಸುವವರೆಗೂ ಬಿಡಲಿಲ್ಲ.