ಹೂವಿನ ಸರದಿ

ಕುರಮೋಚಿ ಶಿಗೆನೊ ಕೂತಲ್ಲಿ ಕೂರುವ ಹೆಂಗಸೇ ಅಲ್ಲ. ಆ ವಾರವಂತೂ ಓಗಿಕುಬೊ ಸ್ಟೇಷನ್ನಿನ ಹಿಂದಿನ ತನ್ನ ಒಂಟಿ ಕೋಣೆಯಲ್ಲಿ ಅಂಗಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಒಲೆಯ ಮೇಲೆ ಬಾರ್ಲಿ ಚಹಾ ಕುದಿದು ಕುದಿದು ಕಹಿಯಾಯಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಹೂವಿನ ಸರದಿ ಬಂದರೆ ಯಾರಿಗೆ ತಾನೆ ಕೂರಲು ಮನಸ್ಸಾಗುತ್ತದೆ?

ಹಿಂದಿನ ಕಾಲದ ಕವಿಗಳು ಒಟ್ಟಿಗೆ ಕೂತು, ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯ ಕಟ್ಟಿ ಬೆಳೆಸಿದ ಸರಮಾಲೆಯೊಂದು ಈಗ ಆನಿಮೇಷನ್ ಚಿತ್ರವಾಗುತ್ತಿತ್ತು. ಪದ್ಯಕ್ಕೊಬ್ಬ ಚಿತ್ರಗಾರ. ಅವನ ದೃಶ್ಯ ತನ್ನ ಹಿಂದಿನದಕ್ಕೆ ಅಂಟಿಕೊಳ್ಳಬೇಕು, ಅದಕ್ಕೂ ಹಿಂದಿನದಕ್ಕೆ ಮಾತ್ರ ತಿರುಗಿ ಹೋಗಬಾರದು. ಕೊನೆಯದಕ್ಕೆ ಮುಂಚಿನ ಪದ್ಯ ಹೂವಿನದು. ಅದನ್ನು ಕಂಡಕಂಡವರಿಗೆ ಕೊಡುವ ರೂಢಿಯಿಲ್ಲ. ಸರದ ಉಸ್ತುವಾರಿ ಹೊತ್ತ ಮುದುಕ ತೊಕುರಾ ಮೇಷ್ಟ್ರು ಅದನ್ನು ಶಿಗೆನೊಗೆ ಕೊಟ್ಟಾಗ ಹಲವರ ಹುಬ್ಬು ಮೇಲೇರಿತು.

ಏರದೆ ಇನ್ನೇನು? ಅವಳು ಇಡೀ ಆಯುಷ್ಯ ಬರೆದದ್ದು ನಡುಚಿತ್ರಗಳನ್ನು. ಸ್ಟುಡಿಯೋದ ಹಿರಿಯ ಚಿತ್ರಗಾರ ಹಮುರೊ, ಪಾತ್ರವೊಂದು ಕೈ ಎತ್ತಿದ ಚಿತ್ರ ಒಂದು, ಇಳಿಸಿದ ಚಿತ್ರ ಒಂದು ಬರೆದು ಎಸೆಯುತ್ತಿದ್ದ. ಆ ಎರಡರ ನಡುವೆ ಕೈ ಇಳಿಯುವುದನ್ನೆಲ್ಲ ಇವಳು ತುಂಬುತ್ತಿದ್ದಳು. ಹೊಗಳಿಕೆ ಅವನಿಗೆ, ಕತ್ತುನೋವು ಇವಳಿಗೆ.

ಸರದ ಕೊನೆಯ ಪದ್ಯ ಹಮುರೊನ ಪಾಲಿಗೆ ಬಂದಿತ್ತು, ಕಣ್ಣು ಮಾತ್ರ ಹೂವಿನ ಮೇಲೆ. "ಏನ್ ಕುರಮೋಚಿಯವ್ರೇ, ಮೊದಲ್ನೇ ಚಿತ್ರ ಯಾರು ಬರ್ಕೊಡ್ತಾರೆ, ಕೊನೇದ್ಯಾರು ಬರ್ಕೊಡ್ತಾರೆ?" ಎಂದು ಎಲ್ಲರೆದುರು ನಕ್ಕ. "ಕೈಲಾಗಲ್ಲ ಅಂದ್ರೆ ಹೇಳ್ಬಿಡಿ, ಸಂಕೋಚ ಬೇಡ."

ಅವಳ ಕೈಗೆ ಬಂದ ಹಿಂದಿನ ದೃಶ್ಯದಲ್ಲಿ ಒಂದು ದೋಣಿ, ತೂಕಡಿಸುವ ಪ್ರಯಾಣಿಕರು. ಅದಕ್ಕೂ ಹಿಂದಿನದರಲ್ಲಿ ಬಾಗಿಲಲ್ಲಿ ದೀಪ ಹಿಡಿದು ಕಾಯುವ ತಾಯಿ. ಶಿಗೆನೊ ಬರೆದದ್ದು ಹೀಗೆ: ಚೆರಿ ಹೂ ಉದುರುತ್ತದೆ, ದೋಣಿಯಲ್ಲಿದ್ದ ಹೆಂಗಸೊಬ್ಬಳು ಎದ್ದು ದಡಕ್ಕಿಳಿದು ನಡೆಯುತ್ತಾಳೆ, ಒಂದು ಬಾಗಿಲ ಮುಂದೆ ನಿಲ್ಲುತ್ತಾಳೆ.

ತೊಕುರಾ ಮೇಷ್ಟ್ರು ನೋಡಿ ಬೋಳುತಲೆ ಸವರಿಕೊಂಡರು. "ನಡಿಗೆ ಸೊಗಸಾಗಿದೆ ಕಣಮ್ಮ. ಆದ್ರೆ ಈ ಬಾಗ್ಲು ಯಾರ್ದು?"

ಅವಳ ಮುಖ ಕೆಂಪೇರಿತು. "ಆ ತಾಯೀದು."

"ಹಿಂದಕ್ಕೆ ಹೋಗ್ಬಿಟ್ಯಲ್ಲ!"

ಹೊಸಬನೂ ಮಾಡದ ತಪ್ಪು. ಮುಂದೆ ಗುರಿ ಇಲ್ಲದೆ ಹೆಜ್ಜೆ ಇಡಲು ಅವಳ ಕೈಗೆ ಗೊತ್ತೇ ಇರಲಿಲ್ಲ. ಆಚೆ ತುದಿಗೊಂದು ಚಿತ್ರ ಬೇಕಿತ್ತು, ಸಿಕ್ಕಿದ್ದನ್ನು ಹಿಡಿದುಕೊಂಡಿತ್ತು. ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು, ಆ ಸಿಟ್ಟೂ ತನ್ನ ಕೈಯ ಮೇಲೆಯೇ.

"ಭಾನುವಾರ ತಂದ್ಕೊಡು," ಎಂದರು ಮೇಷ್ಟ್ರು. "ಆಗ್ದಿದ್ರೆ ಹೂವು ಹಮುರೊಗೆ ಹೋಗುತ್ತೆ. ನಂಗೂ ಬೇಜಾರೇ."

ಮನೆಗೆ ಬಂದವಳೇ ಬಾಗಿಲ ಚಿತ್ರವನ್ನು ಹರಿದಳು. ಹೆಂಗಸನ್ನು ದೋಣಿಯಿಂದ ಇಳಿಸಿ ಒಂದು ಹೆಜ್ಜೆ ಬರೆದಳು. ಅದನ್ನು ನೋಡಿ ಇನ್ನೊಂದು. ಎದ್ದು ಬಾಲ್ಕನಿಗೆ ಹೋದಳು, ಬಂದಳು, ಮತ್ತೊಂದು ಬರೆದಳು. ಎಲ್ಲಿಗೆ ಹೋಗುತ್ತಾಳೋ ಗೊತ್ತಿಲ್ಲದೆ ಬರೆಯಲು ಅವಳಿಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆ ಎಂದರೆ ಅಂಥ ಹೆದರಿಕೆ. ಆದರೂ ಆ ಹೆಂಗಸು ನಿಲ್ಲಲಿಲ್ಲ, ಹೆಗಲ ಮೇಲೆ ಬಿದ್ದ ಹೂವನ್ನೂ ಕೊಡವಿಕೊಳ್ಳದೆ ಹಾಳೆಯ ಅಂಚಿನತ್ತ ನಡೆದೇ ನಡೆದಳು.

ಭಾನುವಾರ ಮೇಷ್ಟ್ರು ಅದನ್ನು ನೋಡಿ, "ಹ್ಞಾಂ, ಹೋದ್ಲು," ಎಂದಷ್ಟೇ ಹೇಳಿ ಕೊನೆಯ ಪದ್ಯದ ಹಮುರೊಗೆ ಕಳಿಸಿದರು.

ಮರುದಿನ ಹಮುರೊನ ಫೋನ್ ಬಂತು. "ಕುರಮೋಚಿಯವ್ರೇ, ಈ ಹೆಂಗ್ಸು ಎಲ್ಲಿಗ್ ಹೊರಟಿದಾಳೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ? ಗೊತ್ತಿಲ್ದೇನೇ ಅಷ್ಟೊಂದು ಹೆಜ್ಜೆ ಬರೆದ್ರಾ?"

"ಹೂಂ. ಬರೆದೆ."

ಈಗ ಹಮುರೊನ ದನಿಯಲ್ಲಿ ಹಳೆಯ ಗತ್ತಿರಲಿಲ್ಲ. "ಒಂದ್ ಕೆಲ್ಸ ಮಾಡಿ. ಅವಳು ಹೋಗಿ ಸೇರೋ ಜಾಗದ್ದು ಒಂದೇ ಒಂದು ಚಿತ್ರ ಬರ್ಕೊಡಿ. ನಡುವಿಂದು ನಾನು ತುಂಬ್ಕೋತೀನಿ."

ಇಷ್ಟು ವರ್ಷದ ಅಭ್ಯಾಸ ಬಿಡುತ್ತದೆಯೇ? ಹಿರಿಯರು ಕೇಳಿದ್ದೇ ತಡ, ಶಿಗೆನೊಳ ಕೈ ಪೆನ್ಸಿಲ್ ಎತ್ತಿಕೊಂಡುಬಿಟ್ಟಿತ್ತು. ಅವಳು ಅದನ್ನು ನೋಡಿದಳು, ಮೆಲ್ಲಗೆ ಕೆಳಗಿಟ್ಟಳು.

"ಈಗ ನಿಮ್ ಸರದಿ ಸಾರ್," ಎಂದಳು.