ಅಪ್ಪ ಹಿಡಿದ ಸ್ಟೂಲು

ಇವತ್ತು ಮಿಕ್ಸಿಯ ವೈರು ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಾಜಾಜಿನಗರದ ನಮ್ಮ ಹಳೆಯ ವಠಾರದಲ್ಲಿದ್ದೆ.

ಅಲ್ಲಿ ಯಾರ ಮನೆಯಲ್ಲಿ ಫ್ಯೂಸ್ ಹೋದರೂ ಕಟ್ಟುತ್ತಿದ್ದವರು ಅಪ್ಪ. ಬನಿಯನ್ನಿನಲ್ಲೇ ಗಂಭೀರವಾಗಿ ಸ್ಟೂಲು ಹತ್ತುತ್ತಿದ್ದರು. ಸ್ಟೂಲು ಹಿಡಿದುಕೊಳ್ಳುವುದು ನನ್ನ ಕೆಲಸ. ನಾನು ಕೈ ಚಾಚಿದರೆ, "ಹೆಣ್ಮಕ್ಳು ಕರೆಂಟ್ ಮುಟ್ಬಾರ್ದು ಕಣೇ," ಎನ್ನುತ್ತಿದ್ದರು. ಕೆಳಗೆ ನಿಂತು ನಿಂತೇ ನಾನು ಎಲ್ಲ ಕಲಿತುಬಿಟ್ಟಿದ್ದೆ.

ಒಂದು ಭಾನುವಾರ ವಠಾರದ ಗಂಡಸರೆಲ್ಲ ಕ್ರಿಕೆಟ್ ಕಾಮೆಂಟರಿಗೆಂದು ನಮ್ಮ ರೇಡಿಯೋ ಸುತ್ತ ಕೂತಿದ್ದಾಗ ಫ್ಯೂಸ್ ಹೋಯಿತು. ಫ್ಯಾಕ್ಟರಿಯಲ್ಲಿ ಪೆಟ್ಟಾಗಿ ಅಪ್ಪನ ಬಲಗೈಗೆ ಬ್ಯಾಂಡೇಜು ಕಟ್ಟಿತ್ತು. ಉಳಿದವರು ಮುಖ ಮುಖ ನೋಡಿಕೊಂಡರು.

"ನಾನ್ ಕಟ್ತೀನಿ," ಎಂದೆ.

ಪಕ್ಕದ ಮನೆ ಮಾಮ ನಕ್ಕರು. "ನೀನ್ ಹೋಗಿ ಕಾಫಿ ಮಾಡ್ಕೊಂಡ್ ಬಾ ಪುಟ್ಟಿ."

ಒಳಗಿನಿಂದ ಅಮ್ಮನ ದನಿ ಬಂತು: "ಕಾಫಿ ನಾನ್ ಮಾಡ್ತೀನಿ. ಅವ್ಳು ಫ್ಯೂಸ್ ಕಟ್ಲಿ ಬಿಡಿ."

ಸ್ಟೂಲು ಹತ್ತಿ ಮೇನ್ ಆಫ್ ಮಾಡಿದೆ. ಬಿಳಿ ಪಿಂಗಾಣಿಯ ಫ್ಯೂಸ್ ಕಿತ್ತು, ಸುಟ್ಟ ತಂತಿ ತೆಗೆದು, ಹೊಸದನ್ನು ಸುತ್ತಿ ಸ್ಕ್ರೂ ಬಿಗಿದೆ. ಮತ್ತೆ ಮೇನ್ ಹಾಕಿದೆ. ರೇಡಿಯೋದ ದೀಪ ಹೊತ್ತಿತು, ಕಾಮೆಂಟರಿ ಮೆಲ್ಲಗೆ ಏರತೊಡಗಿತು. ಕೆಳಗೆ ನೋಡಿದರೆ, ಎಡಗೈಯಲ್ಲಿ ಸ್ಟೂಲನ್ನು ಭದ್ರವಾಗಿ ಹಿಡಿದು ನಿಂತಿದ್ದವರು ಅಪ್ಪ!

"ಇನ್ಮೇಲೆ ಫ್ಯೂಸ್ ಹೋದ್ರೆ ನನ್ನ ಕರೀಬೇಡ್ರಪ್ಪ, ಇವಳನ್ನ ಕರೀರಿ," ಎಂದರು, ಎಲ್ಲರಿಗೂ ಕೇಳುವ ಹಾಗೆ.

ಈಗ ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಅಡುಗೆಮನೆಯಿಂದ ಕಾಫಿಯ ಘಮ ಬರುತ್ತಿದೆ. ಮಾಡುತ್ತಿರುವವರು ನಮ್ಮ ಯಜಮಾನರು.