ಕುಂಬಳಕ್ಕೆ ಮೊದಲ ಕತ್ತಿ

ನಮ್ಮ ಮನೆಯಲ್ಲಿ ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯುವುದಿಲ್ಲ. ನಮ್ಮ ಮನೆ ಅಂತಲ್ಲ, ಸಂಸೆ ಊರಿನ ಆಚೀಚೆ ನಾನು ನೋಡಿದ ಮನೆಗಳಲ್ಲೆಲ್ಲ ಹಾಗೇ. ಗಂಡಸು ಬಂದು ಕತ್ತಿಯಲ್ಲಿ ಒಂದು ಪೆಟ್ಟು ಹಾಕಿ ಎರಡು ಹೋಳು ಮಾಡಿಕೊಡಬೇಕು. ಆಮೇಲೆ ತಿರುಳು ತೆಗೆಯುವುದು, ಹೆಚ್ಚುವುದು, ಬೇಯಿಸುವುದು ಹೆಂಗಸರದ್ದು. ಯಾಕೆ ಹೀಗೆ ಅಂತ ನಾನು ಕೇಳಿದವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೆಲಸಕ್ಕೆ ಇಳಿದವನು ನಾನು. ಯಾಕೆ ಅಂತ ಕೇಳುತ್ತ ಕೂತಿದ್ದರೆ ಕೆಲಸ ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಕುಂಬಳಕ್ಕೆ ಮೊದಲ ಕತ್ತಿ ನನ್ನದು. ಒಂದೇ ಪೆಟ್ಟು. ಎರಡನೆಯದು ಹಾಕಿದ ನೆನಪಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಮರಗಸಿ ಮಾಡುವಾಗ ಬಿದ್ದೆ. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಅಂತ ನೆರಳಿನ ಮರದ ಕೊಂಬೆ ಇಳಿಸುವ ಕೆಲಸಕ್ಕೆ ನಮ್ಮಲ್ಲಿ ಮರಗಸಿ ಅನ್ನುತ್ತಾರೆ. ಆ ಕೆಲಸಕ್ಕೆ ದೊಡ್ಡ ಎಸ್ಟೇಟಿನವರು ಜೀಪು ಕಳಿಸಿ ನನ್ನನ್ನು ಕರೆಸುತ್ತಿದ್ದರು. ಕೊಂಬೆ ಬಿದ್ದರೂ ಕೆಳಗಿನ ಕಾಫಿ ಗಿಡದ ಒಂದು ರೆಂಬೆಯೂ ಮುರಿಯಬಾರದು, ಹಾಗೆ ಇಳಿಸುತ್ತಿದ್ದೆ. ಬಿದ್ದದ್ದು ಮಾತ್ರ ನನ್ನದೇ ಎರಡೆಕರೆ ತೋಟದಲ್ಲಿ, ಅಷ್ಟೇನೂ ಎತ್ತರವಿಲ್ಲದ ಒಂದು ಹಾಲವಾಣದ ಮರದಿಂದ. ಮುರಿದ ಮೂಳೆ ಕೂಡಿತು, ಭುಜದಲ್ಲಿ ಹರಿದ ನರ ಕೂಡಲಿಲ್ಲ. ಬಲಗೈ ಸೊಂಟದ ಮಟ್ಟಕ್ಕೆ ಏಳುತ್ತದೆ. ಬೆರಳುಗಳು ಮಡಚಿಕೊಂಡೇ ಇರುತ್ತವೆ. ಮಂಗಳೂರಿನ ಡಾಕ್ಟರು ಚೀಟಿ ಬರೆಯುತ್ತಲೇ "ಇನ್ನು ಇಷ್ಟೇ" ಅಂದರು.

ಅಲ್ಲಿಯವರೆಗೆ ಹಿತ್ತಲು ನನ್ನ ಹೆಂಡತಿಯದಾಗಿತ್ತು. ನಾನು ತರಗೆಲೆ ರಾಶಿ ಹಾಕಿ ಮಣ್ಣು ಮುಚ್ಚಿ ಸುಟ್ಟು ಸುಡುಮಣ್ಣು ಮಾಡಿಕೊಟ್ಟು, ಚಪ್ಪರಕ್ಕೆ ಗಳು ನೆಟ್ಟುಕೊಟ್ಟು ತೋಟಕ್ಕೆ ಹೋಗಿಬಿಡುತ್ತಿದ್ದೆ. ಆ ಮಳೆಗಾಲ ಪೂರ್ತಿ ಜಗಲಿಯಲ್ಲಿ ಕೂತು ಕೂತು ಸಾಕಾಗಿತ್ತು. ದೀಪಾವಳಿ ಕಳೆದು ಮಣ್ಣು ಆರುತ್ತಲೇ ಎಡಗೈಯಲ್ಲಿ ಹಾರೆ ಹಿಡಿದು ಹಿತ್ತಲಿಗೆ ಇಳಿದೆ. ಹಾರೆ ನಾನು ಹೇಳಿದಲ್ಲಿ ಬೀಳುತ್ತಿರಲಿಲ್ಲ. ಬಿದ್ದಲ್ಲೇ ಅಗೆದೆ. ಬೀನ್ಸಿಗೆ ಸಾಲು ಮಾಡಿದೆ, ಬದನೆ ನೆಟ್ಟೆ, ಹರಿವೆ ಬೀಜ ಚೆಲ್ಲಿದೆ. ಹಿತ್ತಲ ಹಿಂದೆ ಗುಡ್ಡ ಕಡಿದ ಧರೆಯ ಬದಿಗೆ, ಬಳ್ಳಿ ಹಬ್ಬುವಷ್ಟು ಜಾಗ ಇರುವ ಕಡೆ, ಕುಂಬಳಕ್ಕೆ ಗುಂಡಿ ತೆಗೆದು ಸೆಗಣಿಗೊಬ್ಬರ, ಸುಡುಮಣ್ಣು ತುಂಬಿದೆ. ಮೊದಲು ಅರ್ಧ ದಿನದ ಕೆಲಸ. ಈಗ ವಾರ ಹಿಡಿಯಿತು. ಆಳು ಕರೆಯೋಣ ಅಂತ ಅವಳು ಒಮ್ಮೆ ಅಂದಳು. ನಾನು ತಿರುಗಿ ನೋಡಿದ್ದಕ್ಕೆ ಮತ್ತೆ ಅನ್ನಲಿಲ್ಲ.

ಚಳಿ ಕಾಲದಲ್ಲಿ ಹೂವು ಬಿಟ್ಟಿತು. ಮಂಜು ಹೆಚ್ಚಿದ್ದರೆ ದುಂಬಿ, ಜೇನು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು ಗಂಡು ಹೂವು ಕಿತ್ತು, ಎಸಳು ಹರಿದು, ಹೆಣ್ಣು ಹೂವಿನೊಳಗೆ ತಾಗಿಸಿ ಬರುತ್ತಿದ್ದೆ. ಒಂದು ಕೈಯಲ್ಲಿ ಆಗುವ ಕೆಲಸ ಅದು. ಮಿಡಿ ಕೂತಾಗ ಅವಳಿಗೆ ತೋರಿಸಿದೆ. ಕುಂಬಳದ ಮಿಡಿಗೆ ಬೆರಳು ಚಾಚಿ ತೋರಿಸಿದರೆ ಕೊಳೆಯುತ್ತದೆ, ಮಡಚಿ ತೋರಿಸಬೇಕು ಅನ್ನುವುದು ಅವಳ ನಂಬಿಕೆ.

"ಬೆರಳು ಮಡಚಿ ತೋರ್ಸಿ ಮಾರಾಯ್ರೆ" ಅಂದಳು.

"ನನ್ನ ಬೆರಳು ಮಡಚೇ ಉಂಟಲ್ಲ. ಇನ್ನು ಮೇಲೆ ಈ ಹಿತ್ತಲಲ್ಲಿ ಯಾವ ಮಿಡಿಯೂ ಕೊಳೆಯೂದಿಲ್ಲ" ಅಂದೆ.

ನಗಲಿ ಅಂತ ಹೇಳಿದ್ದು. ಅವಳು ನಗಲಿಲ್ಲ. ಬುಟ್ಟಿ ಎತ್ತಿಕೊಂಡು ಬೀನ್ಸ್ ಕೊಯ್ಯಲು ಹೋದಳು.

ಶಿವರಾತ್ರಿ ಕಳೆದ ಮೇಲೆ ಬಳ್ಳಿ ಒಣಗಿತು. ಹತ್ತು ಹನ್ನೆರಡು ಕಾಯಿ ಸಿಕ್ಕಿದವು, ಒಂದೊಂದೂ ನೀರಿನ ಕೊಡದಷ್ಟು ದಪ್ಪ. ಎರಡು ಕೈ ಇದ್ದಾಗಲೂ ಅಂಥ ಬೆಳೆ ಬಂದಿರಲಿಲ್ಲ. ಅವಳು ಅಟ್ಟದ ಮೇಲೆ ಹುಲ್ಲು ಹಾಸಿ ಸಾಲಾಗಿ ಇಟ್ಟಳು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಾನು ಒಳಗೆ ಕರೆದು ತೋರಿಸಿದೆ.

ಕಾಯಿ ಅಟ್ಟ ಸೇರಿ ತಿಂಗಳಾದರೂ ಅವಳು ಒಂದನ್ನೂ ಕೆಳಗಿಳಿಸಲಿಲ್ಲ. ಕೇಳಿದರೆ "ಇರ್ಲಿ, ಬೀನ್ಸ್ ಮುಗೀಲಿ" ಅನ್ನುವಳು. ಬೀನ್ಸ್ ಮುಗಿಯಿತು. ಒಂದು ಮಧ್ಯಾಹ್ನ ತಟ್ಟೆಯಲ್ಲಿ ಕುಂಬಳದ ಪಲ್ಯ ಬಂತು.

"ಅಟ್ಟದ್ದಾ?"

"ಹ್ಞೂಂ. ಅರ್ಧ ಕೆಳಗಿನ ಮನೆಗೆ ಕೊಟ್ಟೆ, ಅರ್ಧ ನಮ್ಗೆ."

ನನಗೆ ಖುಷಿಯೇ ಆಯಿತು. ನಾನು ಬೆಳೆದದ್ದು ಇನ್ನೊಂದು ಮನೆಯ ಒಲೆಯ ಮೇಲೂ ಬೆಂದಿತಲ್ಲ ಅಂತ ಇನ್ನೊಂದು ಸೌಟು ಹಾಕಿಸಿಕೊಂಡೆ. ಯಾರು ಒಡೆದರು ಅನ್ನುವುದು ಹೊಳೆಯಲೇ ಇಲ್ಲ.

ಏಪ್ರಿಲ್‌ನಲ್ಲಿ ನಮ್ಮ ತೋಟದ ಮರಗಸಿಗೆ ಕೆಳಗಿನ ಮನೆಯವನನ್ನೇ ಕರೆದೆ. ನನ್ನ ಜೊತೆ ಮರ ಹತ್ತಿ ಕೆಲಸ ಕಲಿತವನು. ಬಾಯಿ ಮಾತ್ರ ಹುಟ್ಟಿನಿಂದಲೇ ಬಂದದ್ದು. ಅವನು ಮೇಲೆ, ನಾನು ಕೆಳಗೆ ಕತ್ತೆತ್ತಿ ಇದು ಕಡಿ, ಅದು ಬಿಡು ಅನ್ನುತ್ತ ನಿಂತಿದ್ದೆ. ನಾನು ಹೇಳಿದ್ದು ಹೆಚ್ಚಾಯಿತೇನೋ, ಅವನು ಕೊಂಬೆಯ ಮೇಲೆ ಕೂತು ಅಂದ:

"ನಿಮ್ಮನೆ ಮರ ಕಡಿಯೂಕೂ ನಾನೇ, ಕುಂಬಳಕಾಯಿ ಒಡೆಯೂಕೂ ನಾನೇ. ಇನ್ನು ಉಣ್ಣೂಕೆ ಒಂದು ಸಲ ಕರೆ ಮಾರಾಯ, ಅದನ್ನೂ ನಾನೇ ಮುಗಿಸ್ತೆ."

ಅವನಿಗೆ ಅದು ತಮಾಷೆ. ನಾನೂ ನಕ್ಕೆ ಅಂತ ಕಾಣುತ್ತದೆ. ಆಮೇಲೆ ಅವನು ಯಾವ ಕೊಂಬೆ ಇಳಿಸಿದ, ಯಾವುದು ಬಿಟ್ಟ, ನಾನು ನೋಡಲಿಲ್ಲ.

ಮನೆಗೆ ಬಂದು ಕಾಲು ತೊಳೆಯದೆ ಅಡುಗೆಮನೆ ಬಾಗಿಲಲ್ಲಿ ನಿಂತೆ.

"ಕಾಯಿ ಅವನ ಹತ್ರ ಎಂತಕ್ಕೆ ತಗೊಂಡು ಹೋದೆ?"

"ಮತ್ತೆ ಯಾರ ಹತ್ರ ಹೋಗ್ಲಿ?"

"ನಾನು ಸತ್ತಿದ್ದೀನಾ?"

ಅವಳು ಒಲೆಯ ಕಡೆಗೇ ಮುಖ ಮಾಡಿದ್ದಳು. "ನಿಮ್ಮನ್ನ ಕೇಳಿದ್ರೆ ಆಗೂದಿಲ್ಲ ಅಂತೀರಾ? ಅನ್ನೂದಿಲ್ಲ. ಎಡಗೈಲಿ ಬೀಸ್ತೀರಿ. ಇರೋ ಒಂದು ಕೈಯೂ ಹೋದ್ರೆ ನಾನು ಎಂತ ಮಾಡ್ಲಿ ಹೇಳಿ."

ಒಲೆಗೆ ಸೌದೆ ತಳ್ಳಿ ಅವಳೇ ಮುಂದುವರಿಸಿದಳು: "ಇನ್ನು ಅವ್ರ ಮನೆಗೆ ಹೋಗೂದಿಲ್ಲ. ನೀವು ಕತ್ತಿ ಮುಟ್ಟಿ ಕೊಡಿ, ನಾನು ಒಡೀತೀನಿ. ಶಾಸ್ತ್ರಕ್ಕೆ ಅಷ್ಟಾದ್ರೆ ಆಯ್ತು."

ಕತ್ತಿ ಮುಟ್ಟಿ ಕೊಡುವುದು ನಮ್ಮಲ್ಲಿ ಉಂಟು. ಗಂಡಸು ದಿಕ್ಕಿಲ್ಲದ ಮನೆಯಲ್ಲಿ ತೊಟ್ಟಿಲ ಗಂಡುಕೂಸಿನ ಕೈಗೆ ಕತ್ತಿಯ ಹಿಡಿ ತಾಗಿಸಿ ಕುಂಬಳ ಒಡೆದದ್ದನ್ನು ನೋಡಿದ್ದೇನೆ. ಹಾಸಿಗೆ ಬಿಟ್ಟು ಏಳದ ಮುದುಕರ ಕೈಗೂ ತಾಗಿಸುತ್ತಾರೆ. ಆ ಸಾಲಿಗೆ ನನ್ನನ್ನು ಕೂರಿಸಿದ್ದಳು. ಕೆಟ್ಟ ಮನಸ್ಸಿನಿಂದ ಅಲ್ಲ, ಗೊತ್ತು. ಆದರೂ ಆ ರಾತ್ರಿ ಉಣ್ಣಲಿಲ್ಲ.

ಅವಳು ಸಾಮಾನಿಗೆ ಕಳಸ ಪೇಟೆಗೆ ಹೋದ ದಿನ ಅಟ್ಟದಿಂದ ಒಂದು ಕಾಯಿ ಇಳಿಸಿದೆ. ಅದನ್ನು ಎದೆಗೆ ಒತ್ತಿ ಹಿಡಿದು ಏಣಿ ಇಳಿಯುವಷ್ಟರಲ್ಲೇ ಬೆವತಿದ್ದೆ. ಕತ್ತಿ ಮಸೆದೆ. ಕಾಯಿ ಉರುಳದಂತೆ ಎರಡೂ ಬದಿಗೆ ಸೌದೆ ಕೊಟ್ಟು, ಎಡಗೈಯಲ್ಲಿ ಬಲ ಹಾಕಿ ಹೊಡೆದೆ. ಕತ್ತಿ ಓರೆಯಾಗಿ ಜಾರಿ ಸೌದೆಗೆ ಬಿತ್ತು. ಮತ್ತೆ ಹೊಡೆದೆ. ಈ ಸಲ ಸಿಪ್ಪೆ ದಾಟಿ ಎರಡು ಬೆರಳಿನಷ್ಟು ಆಳಕ್ಕೆ ಹೋಗಿ ಕಚ್ಚಿಕೊಂಡಿತು. ಮುಂದೂ ಹೋಗದು, ಹಿಂದೂ ಬಾರದು. ಕಾಲಲ್ಲಿ ಒತ್ತಿ ಎಳೆದರೆ ಕಾಯಿಯೇ ಕತ್ತಿಯ ಜೊತೆ ಎದ್ದು ಬಂತು. ಬಲಗೈಯನ್ನೂ ಹಿಡಿಗೆ ತಂದೆ. ಅದು ಸುಮ್ಮನೆ ಅಲ್ಲಿ ಕೂತಿತು. ನನಗೆ ಆಗ ಬಂದ ಸಿಟ್ಟು ಯಾರ ಮೇಲೆ ಅಂತ ಈಗಲೂ ಹೇಳಲಾರೆ. ಕತ್ತಿ, ಕಾಯಿ ಎರಡನ್ನೂ ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದೆ. ಕಾಯಿ ಚೂರುಚೂರಾಯಿತು. ಬೀಜ ಅಂಗಳದವರೆಗೆ ಹಾರಿತು.

ಒಡೆದದ್ದು ಗಂಡಸೇ ತಾನೇ ಅಂತ ದೊಡ್ಡ ಚೂರುಗಳನ್ನು ಆರಿಸಿ, ತೊಳೆದು, ಮೊರದಲ್ಲಿ ಇಟ್ಟೆ. ಬಸ್ಸಿಳಿದು ಬಂದ ಅವಳು ಕಲ್ಲು ನೋಡಿದಳು, ಮೊರ ನೋಡಿದಳು.

"ದೃಷ್ಟಿ ತೆಗೆದು ದಾರಿಗೆ ಒಡೆದ ಹಂಗೆ ಉಂಟಲ್ರೀ. ಇದನ್ನ ಮನೆಯೋರು ತಿಂತಾರಾ?"

ಅಷ್ಟೇ ಅಂದದ್ದು. ಚೂರುಗಳನ್ನು ಕೊಟ್ಟಿಗೆಗೆ ಒಯ್ದು ದನಕ್ಕೆ ಹಾಕಿದಳು.

ಆಮೇಲೆ ನಮ್ಮ ಮನೆಯಲ್ಲಿ ಕುಂಬಳದ ಮಾತು ನಿಂತಿತು. ಅವಳು ಹೇಳಿದಂತೆ ಕೆಳಗಿನ ಮನೆಗೆ ಹೋಗಲಿಲ್ಲ. ನಾನು ಕತ್ತಿ ಮುಟ್ಟಲಿಲ್ಲ. ಮಳೆ ಹಿಡಿಯಿತು, ಹಿತ್ತಲಲ್ಲಿ ಏನೂ ಇಲ್ಲ. ಮಧ್ಯಾಹ್ನಕ್ಕೆ ಹುರುಳಿ ಸಾರು, ರಾತ್ರಿಗೆ ಅದೇ ಸಾರು, ಕಾಯಿಗಳೆಲ್ಲ ಅಟ್ಟದಲ್ಲಿ. ಒಂದು ದಿನ ಅಟ್ಟದಿಂದ ಹುಳಿ ವಾಸನೆ ಬಂತು. ಅವಳು ಹತ್ತಿ, ತೊಟ್ಟಿನ ಹತ್ತಿರ ನೀರೊಡೆದ ಕಾಯಿಯೊಂದನ್ನು ಗೋಣಿಯಲ್ಲಿ ಸುತ್ತಿ ತಂದು ಗೊಬ್ಬರದ ಗುಂಡಿಗೆ ಹಾಕಿದಳು. ನಾಲ್ಕು ದಿನ ಬಿಟ್ಟು ಇನ್ನೊಂದು. ಜಗಲಿಯಲ್ಲಿ ಕೂತಿದ್ದ ನನ್ನ ಮುಂದೆಯೇ ಹಾದು ಹೋಗುವಳು. ಒಂದು ಮಾತು ಆಡಿದ್ದರೆ ಜಗಳವಾದರೂ ಆಗುತ್ತಿತ್ತು. ಮಂಜಿನಲ್ಲಿ ನಿಂತು ಹೂವಿಗೆ ಹೂವು ತಾಗಿಸಿ ಮಾಡಿದ ಕಾಯಿ. ಅದು ಗುಂಡಿಗೆ ಬೀಳುವ ಸದ್ದು ಜಗಲಿಯವರೆಗೆ ಕೇಳುತ್ತಿತ್ತು.

ಮೂರನೆಯದಕ್ಕೂ ನೀರೊಡೆದ ದಿನ ನಾನೇ ಅಂದೆ: "ಒಳ್ಳೇದು ಒಂದು ಇಳಿಸು. ಕತ್ತಿ ತಾ."

ಅವಳು ಕಾಯಿ ಇಳಿಸಿ, ಮಣೆ ಹಾಕಿ, ಕತ್ತಿ ತಂದು ಎದುರು ಕೂತಳು. ನಾನು ಎಡಗೈ ಚಾಚಿದೆ.

"ಎಡಗೈ ಬೇಡ" ಅಂದಳು ಮೆಲ್ಲಗೆ.

ನನ್ನ ಬಲಗೈಯನ್ನು ಮಣಿಕಟ್ಟು ಹಿಡಿದು ಎತ್ತಿ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕತ್ತಿಯ ಹಿಡಿಯ ಮೇಲೆ ಇಟ್ಟಳು. ಮರದ ಹಿಡಿ ತಣ್ಣಗಿತ್ತೋ ಬಿಸಿಯಿತ್ತೋ ಆ ಬೆರಳುಗಳಿಗೆ ಗೊತ್ತಾಗುವುದಿಲ್ಲ. ಆಮೇಲೆ ಕೈಯನ್ನು ತಿರುಗಿ ನನ್ನ ಮಡಿಲಲ್ಲಿಟ್ಟು ಕತ್ತಿ ಎತ್ತಿದಳು. ಅಭ್ಯಾಸ ಇಲ್ಲದ ಪೆಟ್ಟು, ಎರಡು ಮೂರು ಸಲ ಹಾಕಬೇಕಾಯಿತು. ಹಿಡಿಯನ್ನು ಇನ್ನೂ ಹಿಂದಕ್ಕೆ ಹಿಡಿ ಅಂತ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಕಾಯಿ ಒಳಗೆ ಚಿನ್ನದ ಬಣ್ಣಕ್ಕಿತ್ತು, ಒಂದು ಹುಳವಿಲ್ಲ. ಮಿಕ್ಕ ಕಾಯಿಗಳನ್ನೂ ಆ ಮಳೆಗಾಲ ಹಾಗೆಯೇ ತಿಂದು ಮುಗಿಸಿದೆವು.

ಅವಳು ಬಿತ್ತನೆಗೆ ಅಂತ ಬೀಜ ತೆಗೆದು, ಬೂದಿ ಸೇರಿಸಿದ ಸೆಗಣಿಯಲ್ಲಿ ಒತ್ತಿ, ಕೊಟ್ಟಿಗೆಯ ಗೋಡೆಗೆ ಬಡಿದಿದ್ದಾಳೆ. ಈ ಸಲ ದೀಪಾವಳಿ ಕಳೆದು ಮಣ್ಣು ಆರಿತು. ಬೀನ್ಸ್ ಹಾಕಿದ್ದೇನೆ, ಬದನೆ ನೆಟ್ಟಿದ್ದೇನೆ. ಧರೆಯ ಬದಿಯ ಕುಂಬಳದ ಗುಂಡಿಗಳನ್ನು ಮುಚ್ಚಿ ಅಲ್ಲಿ ಚಪ್ಪರ ಹಾಕಿ ಸೀಮೆಬದನೆ ಹಬ್ಬಿಸುತ್ತಿದ್ದೇನೆ. ಅದನ್ನು ಯಾರು ಬೇಕಾದರೂ ಹೆಚ್ಚಬಹುದು. ಹಾಲು ಕರೆಯಲು ಹೋದಾಗಲೆಲ್ಲ ಗೋಡೆಯ ಬೀಜ ಅವಳ ಕಣ್ಣಿಗೆ ಬೀಳುತ್ತದೆ. ಯಾವಾಗ ಹಾಕುತ್ತೀರಿ ಅಂತ ಅವಳು ಇನ್ನೂ ಕೇಳಿಲ್ಲ.